ವಿಶೇಷ ಶಿಕ್ಷಣ ಓದಲು ಹೊರಟವರಿಗೆ

ಚಿಕ್ಕೋಡಿ ತಾಲ್ಲೂಕಿನ ಕರೋಶಿಯಿಂದ ಹೋಗಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಶೇಷ ಶಿಕ್ಷಣದ ಎಂ.ಇಡಿ. ಓದಿದೆ. 1965ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ನಮ್ಮ ಕೋರ್ಸಿಗೆ ಪದವಿ ಕೊಡುವುದು ಮೈಸೂರು ವಿಶ್ವವಿದ್ಯಾಲಯ. ಈ ಓದಿನ ಬಗ್ಗೆ ನಮ್ಮ ಕಡೆಯ ಹುಡುಗ ಹುಡುಗಿಯರು ಕೇಳುತ್ತಿರುತ್ತಾರೆ. ನಾನು ತಡವಾಗಿ ಕಲಿತದ್ದು ಅವರಿಗೆ ಮೊದಲೇ ಸಿಗಲಿ.

1. ಯಾವ ಮಕ್ಕಳ ಜೊತೆ ಕೆಲಸ ಎಂಬುದು ಮೊದಲು ತೀರ್ಮಾನವಾಗಲಿ

ವಿಶೇಷ ಶಿಕ್ಷಣ ಎಂದರೆ ಎಲ್ಲಕ್ಕೂ ಒಂದೇ ಪದವಿ ಅಂದುಕೊಂಡಿದ್ದೆ. ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ಅಸಾಮರ್ಥ್ಯ, ಇವುಗಳ ದಾರಿ ಬಿ.ಇಡಿ.ಯಲ್ಲೇ ಬೇರೆಯಾಗುತ್ತದೆ. ಕೋರ್ಸಿಗೆ ಭಾರತೀಯ ಪುನರ್ವಸತಿ ಮಂಡಳಿಯ ಮಾನ್ಯತೆ ಇದೆಯೇ ಎಂದೂ ನೋಡಿ. 1992ರ ಕಾಯ್ದೆಯಂತೆ ಮಂಡಳಿಯ ನೋಂದಣಿ ಇಲ್ಲದೆ ಈ ವೃತ್ತಿ ಮಾಡುವಂತಿಲ್ಲ.

2. ಶ್ರವಣಸಾಧನ ಎಲ್ಲ ಸದ್ದನ್ನೂ ಹೆಚ್ಚಿಸುತ್ತದೆ

ಪಾಠಾಭ್ಯಾಸಕ್ಕೆ ನಮ್ಮ ಕಡೆಯ ಶಾಲೆಯೊಂದಕ್ಕೆ ಹೋಗಿದ್ದೆ. ಶ್ರವಣಸಾಧನ ಹಾಕಿದ ಹುಡುಗನನ್ನು, ಬೆಳಕಿರಲಿ ಎಂದು, ಕಿಟಕಿ ಪಕ್ಕ ಕೂರಿಸಿದೆ. ಕಬ್ಬು ಕಟಾವಿನ ಕಾಲ. ಹೊರಗೆ ಟ್ರ್ಯಾಕ್ಟರುಗಳು ಒಂದರ ಹಿಂದೊಂದು. ನಾನೋ ಬೋರ್ಡಿಗೆ ಮುಖ ಮಾಡಿ, ಬರೆಯುತ್ತಲೇ ಪಾಠ ಹೇಳುತ್ತಿದ್ದೆ. ಹುಡುಗ ಸಾಧನ ತೆಗೆದು ಚೀಲಕ್ಕೆ ಹಾಕಿಬಿಡುತ್ತಿದ್ದ. ಹಠಮಾರಿ ಎಂದು ಡೈರಿಯಲ್ಲಿ ಬರೆದೆ.

ಒಂದು ದಿನ ಅವನ ತಾಯಿ ಬಂದು, "ಸರ್, ಮನ್ಯಾಗ ದಿನಾ ಹಾಕ್ಕೋತಾನ್ರೀ, ಸಾಲ್ಯಾಗಷ್ಟ ತಗೀತಾನ" ಅಂದರು. ಆಗ ತಿಳಿಯಿತು. ಟ್ರ್ಯಾಕ್ಟರಿನ ಸದ್ದಿನಲ್ಲಿ ನನ್ನ ದನಿ ಮುಳುಗುತ್ತಿತ್ತು, ನನ್ನ ತುಟಿ ಅವನಿಗೆ ಕಾಣುತ್ತಲೇ ಇರಲಿಲ್ಲ. ಅವನನ್ನು ಒಳಗಿನ ಗೋಡೆಯ ಕಡೆ ಕೂರಿಸಿ, ಹತ್ತಿರ ನಿಂತು, ಮುಖ ಕಾಣುವಂತೆ ಮಾತಾಡತೊಡಗಿದ ಮೇಲೆ ಸಾಧನ ಕಿವಿಯಲ್ಲೇ ಉಳಿಯಿತು. ಡೈರಿಯ ಆ ಸಾಲನ್ನು ಹೊಡೆದುಹಾಕಿದೆ. ಆದರೆ ಅಷ್ಟು ದಿನ ಆ ಮಗು ಕಳೆದುಕೊಂಡ ಪಾಠ ಇಂದಿಗೂ ನನ್ನನ್ನು ಕಾಡುತ್ತದೆ.

ಸಾಧನವನ್ನು ಕಿವಿಯಲ್ಲಿ ಕೂರಿಸುವ ಕಿವಿಯಚ್ಚನ್ನೂ ನೋಡುತ್ತಿರಿ. ಮಗು ಬೆಳೆದಂತೆ ಅದು ಸಡಿಲಾಗುತ್ತದೆ, ಸಾಧನ ಸೀಟಿ ಹೊಡೆಯುತ್ತದೆ. ಆಗ ಹೊಸ ಅಚ್ಚು ಬೇಕು.

3. ತಾಯಿಯೂ ತರಗತಿಯೊಳಗೇ ಇರಲಿ

ಮೈಸೂರಿನ ಸಂಸ್ಥೆಯ ಶಾಲಾಪೂರ್ವ ಕೇಂದ್ರದಲ್ಲಿ ತಾಯಂದಿರಿಗೂ ತರಬೇತಿ ಇದೆ. ಮೊದಮೊದಲು ಅದು ನನಗೆ ಗದ್ದಲವಾಗಿ ಕಂಡಿತ್ತು. ಆಮೇಲೆ ಅರ್ಥವಾಯಿತು, ಮಗುವಿಗೆ ಮಾತು ಬರುವುದು ಸ್ನಾನ ಮಾಡಿಸುವಾಗ, ರೊಟ್ಟಿ ಬಡಿಯುವಾಗ. ಆಗ ಜೊತೆಗಿರುವವರು ತಾಯಂದಿರು, ಶಿಕ್ಷಕರಲ್ಲ.

4. ಪ್ರಬಂಧದ ವಿಷಯ ಸಣ್ಣದಿರಲಿ

ಎಂ.ಇಡಿ. ಪ್ರಬಂಧಕ್ಕೆ ಮಕ್ಕಳನ್ನು ಎರಡು ಗುಂಪು ಮಾಡಿ ಹೋಲಿಸುವ ದೊಡ್ಡ ಯೋಜನೆ ಹಾಕಿದ್ದೆ. ಒಂದೇ ವಯಸ್ಸಿನ, ಒಂದೇ ಮಟ್ಟದ ಶ್ರವಣದೋಷದ ಮಕ್ಕಳು ಹಳ್ಳಿಗೊಬ್ಬರಂತೆ ಚದುರಿದ್ದರು. ಯೋಜನೆ ಬಿದ್ದುಹೋಯಿತು. ಕೆಲವೇ ಮಕ್ಕಳನ್ನು ಆಳವಾಗಿ ಗಮನಿಸುವ ಅಧ್ಯಯನವಾಗಿ ಅದನ್ನು ಮತ್ತೆ ಬರೆದೆ.

5. ಕಾನೂನನ್ನು ಮನೆಮನೆಗೆ ಒಯ್ಯಬೇಕು

ನಮ್ಮದು ಗಡಿ ಸೀಮೆ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಮೇಲೆ ಇಂಗ್ಲಿಷು, ಹಿಂದಿ. ಒಂದು ಭಾಷೆಗೇ ಹೆಣಗುವ ಕಿವುಡು ಮಗುವಿಗೆ ಇದು ಅನ್ಯಾಯದ ಹೊರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಂ ಎರಡನೇ, ಮೂರನೇ ಭಾಷೆಯ ವಿನಾಯಿತಿಯನ್ನೂ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವನ್ನೂ ಹೆಸರಿಸುತ್ತದೆ. ನಾನಿದನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೆ, ಒಬ್ಬ ಪಾಲಕರಿಗೂ ಹೇಳಿರಲಿಲ್ಲ. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು 2022ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದೆ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ತರುಣರೇ, ಈ ಓದಿಗೆ ಬನ್ನಿ. ಓದಿ ಊರಿಗೆ ಮರಳಿ.