ದೊಡ್ಡ ಮೀನು ಸಾಕುವ ಆಸೆಯೇ? ಮೀನನ್ನು ಕೊನೆಗೆ ಕೊಳ್ಳಿ

ಅಂಗಡಿಯ ತೊಟ್ಟಿಯಲ್ಲಿ ಆಸ್ಕರ್ ಮರಿ ಎರಡೇ ಇಂಚು. ಕಪ್ಪು ಮೈಮೇಲೆ ಕೆಂಡದ ಗೆರೆ ಎಳೆದಂಥ ಬಣ್ಣ, ಗಾಜಿಗೆ ಬೆರಳಿಟ್ಟರೆ ಓಡಿ ಬರುವ ಸಲಿಗೆ. ಹನ್ನೆರಡು ವರ್ಷದ ಹಿಂದೆ ಅಂಥ ನಾಲ್ಕು ಮರಿಗಳನ್ನು ತಂದು ಎರಡಡಿ ತೊಟ್ಟಿಗೆ ಬಿಟ್ಟೆ. ಆರು ತಿಂಗಳಿಗೆ ಅವು ಅಂಗೈ ಮೀರಿ ಬೆಳೆದವು. ವರ್ಷ ತುಂಬುವುದರೊಳಗೆ ಎರಡು ಸತ್ತವು. ಉಳಿದೆರಡಕ್ಕೆ ನಾಲ್ಕಡಿ ತೊಟ್ಟಿ ಮಾಡಿಸುವಷ್ಟರಲ್ಲಿ ಒಂದರ ತಲೆಯಲ್ಲಿ ಗುಳಿಗಳು ಬಿದ್ದಿದ್ದವು. ನಾನು ಮರಿಯ ಅಳತೆ ನೋಡಿ ಕೊಂಡಿದ್ದೆ, ಬೆಳೆದ ಮೀನಿನ ಅಳತೆಯನ್ನು ಯಾರಲ್ಲೂ ಕೇಳಿರಲಿಲ್ಲ.

ನೀವು ಆ ತಪ್ಪು ಮಾಡಬಾರದೆಂದೇ ಇದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ಹೆಚ್ಚಿನವರು ಮೊದಲು ಮೀನು ತರುತ್ತಾರೆ, ಆಮೇಲೆ ತೊಟ್ಟಿ ಹುಡುಕುತ್ತಾರೆ, ನೀರಿನ ಯೋಚನೆ ಮೀನು ಸೊರಗಿದ ಮೇಲೆ ಬರುತ್ತದೆ. ಈ ಕ್ರಮವನ್ನು ತಿರುಗಿಸಿ. ಮೊದಲು ಮೀನಿನ ಪೂರ್ಣ ಬೆಳವಣಿಗೆ ತಿಳಿಯಿರಿ, ನಂತರ ಜಾಗ, ತೊಟ್ಟಿ, ನೀರು. ಎಲ್ಲ ಸಿದ್ಧವಾದ ಮೇಲೆ ಮೀನು.

ಹಂತ 1: ಬೆಳೆದ ಮೇಲೆ ಎಷ್ಟುದ್ದ?

‘ಸಣ್ಣ ತೊಟ್ಟಿಯಲ್ಲಿಟ್ಟರೆ ಮೀನು ಸಣ್ಣದಾಗಿಯೇ ಉಳಿಯುತ್ತದೆ’ ಎಂಬ ಮಾತನ್ನು ನಂಬಬೇಡಿ. ಕೊಳಕು ನೀರು, ಇಕ್ಕಟ್ಟು ಸೇರಿ ಮೀನಿನ ಬೆಳವಣಿಗೆ ಕುಂಠಿತವಾಗಬಹುದು. ಅದು ರೋಗದ ಲಕ್ಷಣ. ಅಂಥ ಮೀನಿನ ಬೆನ್ನು ಬಾಗುತ್ತದೆ, ಆಯುಸ್ಸು ಕುಗ್ಗುತ್ತದೆ.

ಆಸ್ಕರ್: ಅಮೆಜಾನ್ ಕೊಳ್ಳದ ಮೀನು. ಸುಮಾರು ಒಂದು ವರ್ಷದಲ್ಲಿ 10ರಿಂದ 12 ಇಂಚು ಬೆಳೆದು, ಚೆನ್ನಾಗಿ ನೋಡಿಕೊಂಡರೆ 10 ವರ್ಷಕ್ಕೂ ಹೆಚ್ಚು ಬದುಕುತ್ತದೆ. ಒಂದಕ್ಕೆ ನಾಲ್ಕಡಿ ತೊಟ್ಟಿ, ಜೋಡಿಗೆ ಆರಡಿ ಬೇಕು. ಸಾಕಿದವರ ಗುರುತು ಹಿಡಿಯುವ ಈ ಮೀನು ದೊಡ್ಡ ಮೀನಿನ ಹವ್ಯಾಸ ಶುರು ಮಾಡುವವರಿಗೆ ಹೇಳಿ ಮಾಡಿಸಿದಂತಿದೆ.

ಫ್ಲವರ್‌ಹಾರ್ನ್: ಯಾವ ನದಿಯಲ್ಲೂ ಸಹಜವಾಗಿ ಹುಟ್ಟದ ಮಿಶ್ರತಳಿ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ರೂಪುಗೊಂಡಿತು. ಒಂದಡಿಯವರೆಗೆ ಬೆಳೆಯುತ್ತದೆ. ಇನ್ನೊಂದು ಮೀನನ್ನು ಪಕ್ಕದಲ್ಲಿ ಸಹಿಸದ ಕಾರಣ ಒಂಟಿಯಾಗಿಯೇ ಇಡಬೇಕು. ತಲೆಯ ಉಬ್ಬು ದೊಡ್ಡದಾದಷ್ಟೂ ಬೆಲೆ ಏರುತ್ತದೆ.

ಸಿಲ್ವರ್ ಅರೋವಾನಾ: ಅಂಗಡಿಯಲ್ಲಿ ಬೆರಳುದ್ದದ ಮರಿ, ಬೆಳೆದ ಮೇಲೆ ಎರಡರಿಂದ ಮೂರಡಿ. ತೊಟ್ಟಿ ಉದ್ದವಾಗಿದ್ದರೆ ಮಾತ್ರ ಸಾಲದು, ಮೀನು ಮೈ ಬಗ್ಗಿಸಿ ತಿರುಗುವಷ್ಟು ಅಗಲವೂ ಬೇಕು. ಎರಡೂವರೆ ಅಡಿ ಅಗಲಕ್ಕಿಂತ ಕಡಿಮೆ ಜಾಗವಿದ್ದರೆ ಈ ಮೀನಿನ ಆಸೆ ಬಿಡುವುದು ಒಳ್ಳೆಯದು.

ಮನೆಗೆ ಬೇಡವಾದವು: ರೆಡ್‌ಟೇಲ್ ಕ್ಯಾಟ್‌ಫಿಶ್ ಒಂದು ಮೀಟರ್ ದಾಟುತ್ತದೆ. ‘ಶಾರ್ಕ್’ ಎಂದು ಅಗ್ಗದ ಬೆಲೆಗೆ ಸಿಗುವ ಬೂದು ಮರಿ ನಿಜವಾಗಿ ಪಂಗಾಸಿಯಸ್ ಎಂಬ ನದಿ ಮೀನು, ಅದೂ ಮೀಟರ್ ಮೀರುವ ಜಾತಿ. ‘ಪಿರಾನಾ’ ಎಂದು ಮಾರುವ ಕೆಂಪು ಹೊಟ್ಟೆಯ ಮರಿ ಬಹಳ ಸಲ ಪಾಕು ಆಗಿರುತ್ತದೆ. ಅದೇ ಮೀನು ಮಾರುಕಟ್ಟೆಯಲ್ಲಿ ರೂಪ್‌ಚಂದ್ ಹೆಸರಿನಲ್ಲಿ ಊಟದ ತಟ್ಟೆಗೆ ಬರುತ್ತದೆ. ಮೊಸಳೆ ಮೂತಿಯ ಅಲಿಗೇಟರ್ ಗಾರ್ ಎರಡು ಮೀಟರ್ ಬೆಳೆಯಬಲ್ಲದು.

ಹಂತ 2: ಮನೆಯ ನೆಲ ತಡೆಯುತ್ತದೆಯೇ?

ಒಂದು ಘನ ಅಡಿಯಲ್ಲಿ ಸುಮಾರು 28 ಲೀಟರ್ ನೀರು ಹಿಡಿಯುತ್ತದೆ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 680 ಲೀಟರ್, ಅಂದರೆ 680 ಕಿಲೊ ಬರೀ ನೀರು. ಗಾಜು, ಸ್ಟ್ಯಾಂಡ್, ಕಲ್ಲು ಇದರ ಮೇಲೆ. ನಮ್ಮ ಮನೆಗಳ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೊ ಭಾರದ ಲೆಕ್ಕದಲ್ಲಿ ವಿನ್ಯಾಸ ಮಾಡಿರುತ್ತಾರೆ. ಈ ತೊಟ್ಟಿ ಒಂದು ಚದರ ಮೀಟರಿಗಿಂತ ತುಸು ಹೆಚ್ಚು ಜಾಗದಲ್ಲಿ ಅದರ ಮೂರು ಪಟ್ಟು ಭಾರ ಹೇರುತ್ತದೆ. ನೆಲ ಅಂತಸ್ತಿನಲ್ಲಿದ್ದರೆ ಚಿಂತೆ ಕಡಿಮೆ. ಮೇಲಿನ ಅಂತಸ್ತಾದರೆ ಸಿವಿಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ, ಕೆಳಗೆ ತೊಲೆ ಇರುವ ಗೋಡೆಯ ಪಕ್ಕ ಇಡಿಸಿ. ಬಾಡಿಗೆ ಮನೆಯವರು ಮಾಲೀಕರನ್ನು ಕೇಳದೆ ಮುಂದುವರಿಯಬೇಡಿ.

ನೇರ ಬಿಸಿಲು ಬೀಳುವ ಕಿಟಕಿ ಬೇಡ, ಪಾಚಿ ಬೆಳೆಯುತ್ತದೆ. ನೀರು ತುಂಬಲು ನಲ್ಲಿ, ಚೆಲ್ಲಲು ಮೋರಿ ಹತ್ತಿರವಿರಲಿ. ವಾರಕ್ಕೊಮ್ಮೆ 170–225 ಲೀಟರ್ ನೀರನ್ನು ಬಕೆಟ್ಟಿನಲ್ಲಿ ಹೊರುವ ಉತ್ಸಾಹ ಮೂರು ತಿಂಗಳು ಉಳಿಯುವುದಿಲ್ಲ.

ಹಂತ 3: ಗಾಜು, ಮುಚ್ಚಳ, ಫಿಲ್ಟರ್

ಆರಡಿ ತೊಟ್ಟಿಗೆ 12 ಮಿ.ಮೀ. ಗಾಜು ಕೇಳಿ. ತಳಕ್ಕೆ ಥರ್ಮೋಕೋಲ್ ಹಾಳೆ ಹಾಸಿ ಕೂರಿಸಿದರೆ ಸ್ಟ್ಯಾಂಡಿನ ಸಣ್ಣ ಉಬ್ಬು ತಗ್ಗುಗಳಿಂದ ಗಾಜು ಬಿರಿಯುವುದಿಲ್ಲ. ಮೀನು ತರುವ ಮೊದಲು ಒಂದು ವಾರ ನೀರು ತುಂಬಿಸಿಟ್ಟು ಸೋರಿಕೆ ನೋಡಿ.

ಮುಚ್ಚಳದ ವಿಷಯದಲ್ಲಿ ರಾಜಿ ಬೇಡ. ಮಳೆಗಾಲದಲ್ಲಿ ಮುಳುಗುವ ಅಮೆಜಾನ್ ಕಾಡುಗಳಲ್ಲಿ ಅರೋವಾನಾ ನೀರಿನಿಂದ ಮೇಲಕ್ಕೆ ಜಿಗಿದು ಕೊಂಬೆಯ ಮೇಲಿನ ಹುಳುಗಳನ್ನು ಹಿಡಿಯುತ್ತದೆ. ಮನೆಯ ತೊಟ್ಟಿಗೆ ಬಂದರೂ ಆ ಜಿಗಿತ ಮರೆಯುವುದಿಲ್ಲ. ಒಂದು ರಾತ್ರಿ ನೀರು ಬದಲಿಸಿ ಮುಚ್ಚಳ ಸರಿಸಿಟ್ಟು ಮಲಗಿದ್ದೆ. ಬೆಳಿಗ್ಗೆ ನನ್ನ ಅರೋವಾನಾ ನೆಲದ ಮೇಲಿತ್ತು. ಅಂದಿನಿಂದ ಮುಚ್ಚಳದ ಎರಡೂ ತುದಿಗೆ ಕ್ಲಿಪ್ ಹಾಕುತ್ತೇನೆ.

ದೊಡ್ಡ ಮೀನು ತಿನ್ನುವುದೂ ಹೆಚ್ಚು, ಗಲೀಜು ಮಾಡುವುದೂ ಹೆಚ್ಚು. ತೊಟ್ಟಿಯ ಅಷ್ಟೂ ನೀರನ್ನು ಗಂಟೆಗೆ ನಾಲ್ಕೈದು ಸಲ ಹಾಯಿಸುವ ಫಿಲ್ಟರ್ ಬೇಕು. 680 ಲೀಟರಿಗೆ ಗಂಟೆಗೆ ಸುಮಾರು 3,000 ಲೀಟರ್ ಸಾಮರ್ಥ್ಯ. ತೊಟ್ಟಿಯ ಕೆಳಗೆ ಸಂಪ್ (ಫಿಲ್ಟರ್ ಇಡುವ ಇನ್ನೊಂದು ತೊಟ್ಟಿ) ಮಾಡಿಸಿದರೆ ತೊಳೆಯುವುದು ಸುಲಭ. ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್ ಪಂಪ್ ಕೈಗೆ ಸಿಗುವಲ್ಲಿರಲಿ.

ಈ ಮೀನುಗಳಿಗೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ಮಂಗಳೂರಿನಲ್ಲಿ ವರ್ಷದ ಬಹುಪಾಲು ಹೀಟರ್ ಬೇಡ. ಬೆಂಗಳೂರಿನ ಡಿಸೆಂಬರ್, ಜನವರಿ ರಾತ್ರಿಗಳಿಗೆ ಬೇಕೇ ಬೇಕು. 200 ವಾಟ್ ಹೀಟರ್ ದಿನಕ್ಕೆ 8 ಗಂಟೆ ಉರಿದರೆ ತಿಂಗಳಿಗೆ 48 ಯೂನಿಟ್. ಈ ಖರ್ಚನ್ನು ಮೊದಲೇ ಲೆಕ್ಕ ಹಾಕಿ.

ಹಂತ 4: ನೀರು ಹದಕ್ಕೆ ಬರಲಿ

ಹೊಸ ತೊಟ್ಟಿಯ ನೀರು ಕಣ್ಣಿಗೆ ತಿಳಿಯಾಗಿದ್ದರೂ ಮೀನಿಗೆ ಸಿದ್ಧವಾಗಿರುವುದಿಲ್ಲ. ಮೀನಿನ ತ್ಯಾಜ್ಯದಿಂದ ಅಮೋನಿಯಾ ಹುಟ್ಟುತ್ತದೆ, ಅದು ಕಿವಿರುಗಳನ್ನು ಸುಡುತ್ತದೆ. ಫಿಲ್ಟರಿನಲ್ಲಿ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆ ನೈಟ್ರೈಟನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಈ ಬ್ಯಾಕ್ಟೀರಿಯಾ ಬೇರೂರಲು 4ರಿಂದ 6 ವಾರ ಬೇಕು. ಮೀನಿಲ್ಲದ ತೊಟ್ಟಿಯಲ್ಲಿ ಫಿಲ್ಟರ್ ಓಡಿಸುತ್ತ, ಕೊಳೆತು ಅಮೋನಿಯಾ ಕೊಡಲೆಂದು ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ. ಗೆಳೆಯರ ಆರೋಗ್ಯವಂತ ತೊಟ್ಟಿಯಿಂದ ಒಂದು ತುಂಡು ಹಳೆಯ ಸ್ಪಂಜ್ ಸಿಕ್ಕರೆ ಕಾಯುವ ದಿನ ಕಡಿಮೆಯಾಗುತ್ತದೆ. ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ನೈಟ್ರೇಟ್ ಕಾಣಿಸಿಕೊಂಡಾಗ ನೀರು ಹದಕ್ಕೆ ಬಂದಿದೆ ಎಂದರ್ಥ.

ಕಾವೇರಿ ನೀರಿನಂಥ ನಗರದ ಸರಬರಾಜಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನಿಗೂ ಈ ಬ್ಯಾಕ್ಟೀರಿಯಾಕ್ಕೂ ಶತ್ರು. ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿಗಳನ್ನು ಬೆರೆಸಿಯೇ ನೀರು ತುಂಬಿ. ಬೋರ್‌ವೆಲ್ ನೀರು ಗಡಸಾಗಿರಬಹುದು. ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಮೀನು ಸಾಧಾರಣ ಗಡಸಿಗೆ ಒಗ್ಗಿಕೊಳ್ಳುತ್ತದೆ, ದಿನಕ್ಕೊಂದು ಬಗೆಯ ನೀರಿಗೆ ಒಗ್ಗುವುದಿಲ್ಲ.

ಹಂತ 5: ಕಾಗದಪತ್ರ ಕೇಳಿ

ಕೆಂಪು, ಚಿನ್ನದ ಬಣ್ಣದ ಏಷ್ಯನ್ ಅರೋವಾನಾ ‘ಸೈಟಿಸ್’ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ನೋಂದಾಯಿತ ಸಾಕಣೆ ಕೇಂದ್ರದಲ್ಲಿ ಹುಟ್ಟಿದ, ಮೈಯಲ್ಲಿ ಮೈಕ್ರೋಚಿಪ್ ಇರುವ ಮೀನನ್ನಷ್ಟೇ ಪ್ರಮಾಣಪತ್ರದೊಂದಿಗೆ ವ್ಯಾಪಾರ ಮಾಡಬಹುದು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಇಂಥ ಪ್ರಾಣಿಗಳನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ‘ಬಿಲ್ ಬೇಡ, ಬೆಲೆ ಇಳಿಸುತ್ತೇನೆ’ ಎನ್ನುವಲ್ಲಿ ಏಷ್ಯನ್ ಅರೋವಾನಾ ಕೊಳ್ಳಬೇಡಿ.

ಹಂತ 6: ಅಂಗಡಿಯಲ್ಲಿ ಅರ್ಧ ಗಂಟೆ ನಿಲ್ಲಿ

ಮೊದಲ ಭೇಟಿಯಲ್ಲೇ ದುಡ್ಡು ಕೊಡಬೇಡಿ. ಮೀನು ಅಂಗಡಿಗೆ ಬಂದು ಎಷ್ಟು ದಿನವಾಯಿತೆಂದು ಕೇಳಿ. ಒಂದೆರಡು ವಾರ ಅಲ್ಲೇ ಚೆನ್ನಾಗಿದ್ದದ್ದನ್ನು ಆರಿಸಿ. ನಿಮ್ಮೆದುರು ಆಹಾರ ಹಾಕಿಸಿ, ಮುನ್ನುಗ್ಗಿ ತಿನ್ನಬೇಕು. ಕಣ್ಣು ಮಬ್ಬಾಗಿರಬಾರದು. ಈಜುರೆಕ್ಕೆ ಬಿಚ್ಚಿಕೊಂಡಿರಬೇಕು, ಹೊಟ್ಟೆ ಒಳಸೇರಿರಬಾರದು. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ, ನೀರಿನ ಮೇಲ್ಭಾಗದಲ್ಲಿ ಏದುಸಿರು, ತಲೆಯಲ್ಲಿ ಗುಳಿ ಕಂಡರೆ ಬೇಡ. ಅರೋವಾನಾದ ಎರಡು ಕಣ್ಣೂ ನೇರವಾಗಿರಲಿ, ಬಾಯಿಯ ಮೀಸೆಗಳೆರಡೂ ಸಮವಾಗಿರಲಿ. ಅದೇ ತೊಟ್ಟಿಯಲ್ಲಿ ಒಂದು ಸತ್ತ ಮೀನು ಕಂಡರೂ ಆ ದಿನ ಬರಿಗೈಲಿ ವಾಪಸು ಬನ್ನಿ.

ಹಂತ 7: ಮನೆಗೆ ಕರೆತರುವುದು

ಆಮ್ಲಜನಕ ತುಂಬಿಸಿದ ಚೀಲದಲ್ಲಿ, ಬಿಸಿಲು ತಾಗದಂತೆ, ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ತನ್ನಿ. ತೊಟ್ಟಿಯ ದೀಪ ಆರಿಸಿ. ಚೀಲವನ್ನು 20 ನಿಮಿಷ ತೇಲಿಬಿಟ್ಟರೆ ತಾಪಮಾನ ಸರಿಹೊಂದುತ್ತದೆ. ಆಮೇಲೆ ಲೋಟದಿಂದ ನಿಮ್ಮ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಚೀಲಕ್ಕೆ ಸೇರಿಸಿ. ಕೊನೆಗೆ ಮೀನನ್ನು ಮಾತ್ರ ಬಿಡಿ, ಚೀಲದ ನೀರನ್ನು ಮೋರಿಗೆ ಚೆಲ್ಲಿ. ಮನೆಯಲ್ಲಿ ಮೊದಲೇ ಮೀನುಗಳಿದ್ದರೆ ಹೊಸದನ್ನು 2ರಿಂದ 4 ವಾರ ಬೇರೆ ತೊಟ್ಟಿಯಲ್ಲಿಡಿ. ಮೊದಲ ದಿನ ಆಹಾರ ಬೇಡ.

ಹಂತ 8: ವಾರದ ದಿನಚರಿ

ವಾರಕ್ಕೊಮ್ಮೆ ಕಾಲು ಭಾಗದಿಂದ ಮೂರನೇ ಒಂದು ಭಾಗ ನೀರು ಬದಲಿಸಿ. ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆದರೆ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಮುಖ್ಯ ಆಹಾರ ಒಳ್ಳೆಯ ಪೆಲೆಟ್, ಆಗೀಗ ಸಿಪ್ಪೆ ಸುಲಿದ ಸೀಗಡಿ. ಜೀವಂತ ಗೋಲ್ಡ್‌ಫಿಶ್ ಹಾಕುವ ಚಟ ಬೇಡ. ಅದರೊಂದಿಗೆ ರೋಗವೂ ಬರುತ್ತದೆ, ಗೋಲ್ಡ್‌ಫಿಶ್ ಮಾಂಸದಲ್ಲಿ ಬಿ1 ಜೀವಸತ್ವ ಕೆಡಿಸುವ ಅಂಶವೂ ಇದೆ.

ಸಾಕಲು ಆಗದಿದ್ದರೆ

ವರ್ಗಾವಣೆಯಾಗಬಹುದು, ಮನೆ ಬದಲಾಗಬಹುದು. ಆಗ ಮೀನನ್ನು ಅಂಗಡಿಗೆ ಹಿಂದಿರುಗಿಸಿ, ಇನ್ನೊಬ್ಬ ಹವ್ಯಾಸಿಗೆ ಕೊಡಿ. ಕೆರೆ, ಹೊಳೆಗೆ ಮಾತ್ರ ಬಿಡಬೇಡಿ. ತೊಟ್ಟಿಯ ಪಾಚಿ ತಿನ್ನಲೆಂದು ತಂದ ಸಕ್ಕರ್ ಮೀನು ಇಂದು ದೇಶದ ಹಲವು ಕೆರೆ ಕುಂಟೆಗಳಲ್ಲಿ ತುಂಬಿಕೊಂಡು, ದಡದಲ್ಲಿ ಬಿಲ ಕೊರೆದು, ಮೀನುಗಾರರ ಬಲೆ ಹರಿಯುತ್ತಿದೆ. 2023ರ ಮೇ ತಿಂಗಳಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಲಿಗೇಟರ್ ಗಾರ್ ಸಿಕ್ಕಿತು. 2018ರ ಮಹಾಪೂರದ ನಂತರ ಕೇರಳದ ನೀರಿನಲ್ಲಿ ಅಮೆಜಾನಿನ ಅರಪೈಮಾ ಕಂಡಿತು. ನಮ್ಮೂರ ಕೆರೆಯ ಗೆಂಡೆ, ಕುಚ್ಚು, ಮುರುಗೋಡುಗಳಿಗೆ ಈ ಪರದೇಶಿ ಹಸಿವನ್ನು ಎದುರಿಸಿ ಗೊತ್ತಿಲ್ಲ.

ನನ್ನ ಆ ನಾಲ್ಕು ಆಸ್ಕರ್‌ಗಳಲ್ಲಿ ತಲೆಗೆ ಗುಳಿ ಬಿದ್ದಿದ್ದದ್ದು ನಾಲ್ಕಡಿ ತೊಟ್ಟಿಯಲ್ಲಿ, ವಾರ ತಪ್ಪದ ನೀರು ಬದಲಾವಣೆಯಲ್ಲಿ ನಿಧಾನವಾಗಿ ಮಾಯಿತು. ಜೊತೆಗಾರ ಹೋದ ಮೇಲೂ ಅದು ಒಂಬತ್ತು ವರ್ಷ ಬದುಕಿತು. ಸಂಜೆ ನಾನು ಬಾಗಿಲು ತೆಗೆದ ಸದ್ದಿಗೆ ಗಾಜಿನ ಹತ್ತಿರ ಬಂದು ನಿಲ್ಲುತ್ತಿತ್ತು. ಮೀನು ಆರಿಸುವಾಗ ಮುಂದಿನ ಹತ್ತು ವರ್ಷದ ಸಂಜೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೊರಡುವ ಮುನ್ನ ಕೇಳಿಕೊಳ್ಳಿ

• ಬೆಳೆದ ಮೀನಿನ ಉದ್ದ ಗೊತ್ತೇ? ಅದಕ್ಕೆ ತಕ್ಕ ತೊಟ್ಟಿ ಈಗಲೇ ಇದೆಯೇ?
• ನೆಲದ ಭಾರ ವಿಚಾರಿಸಿದ್ದೀರಾ?
• ಅಮೋನಿಯಾ, ನೈಟ್ರೈಟ್ ಸೊನ್ನೆಗೆ ಬಂದಿದೆಯೇ?
• ಮುಚ್ಚಳ ಭದ್ರವೇ? ಕರೆಂಟ್ ಹೋದರೆ ವ್ಯವಸ್ಥೆ ಏನು?
• ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು?