ಅಲ್ಲ, ಒಲ್ಲೆ, ಬಿಟ್ಟೆ: ಇಂಗ್ಲಿಷಿನ ನಿರಾಕರಣೆಯ ಪದಗಳು

ಕನ್ನಡ ಪತ್ರಿಕೆಗಳಲ್ಲಿ ‘ನಿರಾಕರಿಸು’ ಎಂಬ ಕ್ರಿಯಾಪದಕ್ಕೆ ಬಿಡುವೇ ಇಲ್ಲ. ಸಚಿವರು ಆರೋಪ ನಿರಾಕರಿಸುತ್ತಾರೆ, ಸಾಹಿತಿ ಪ್ರಶಸ್ತಿ ನಿರಾಕರಿಸುತ್ತಾರೆ, ಸಾಕ್ಷಿ ಉತ್ತರ ಹೇಳಲು ನಿರಾಕರಿಸುತ್ತಾನೆ. ಮೂರೂ ವಾಕ್ಯ ಸರಿಯೇ. ಇವನ್ನೇ ಇಂಗ್ಲಿಷಿನಲ್ಲಿ ಬರೆಯಲು ಕುಳಿತಾಗ ತೊಡಕು ಶುರು. ಸಚಿವರದು ಡಿನೈ, ಸಾಹಿತಿಯದು ಡಿಕ್ಲೈನ್, ಸಾಕ್ಷಿಯದು ರಿಫ್ಯೂಸ್. ನಿಘಂಟು ತೆರೆದರೆ ರಿಜೆಕ್ಟ್, ರಿನೌನ್ಸ್, ಅಬ್ಜೂರ್ ಎಂದು ಇನ್ನಷ್ಟು ಪದಗಳು ಸಾಲುಗಟ್ಟಿ ನಿಂತಿರುತ್ತವೆ.

ಹೊಸಬರು ಗಾಬರಿಯಾಗಬೇಕಿಲ್ಲ. ಪದ ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಿರಾಕರಿಸುವವರ ಎದುರಿಗಿರುವುದು ಏನು? ಒಂದು ಮಾತೇ, ಯಾರೋ ಕೊಡಲು ಬಂದದ್ದೇ, ಅಥವಾ ಆಗಲೇ ತಮ್ಮದಾಗಿರುವುದೇ? ಮಾತಿಗೆ ‘ಅಲ್ಲ’ ಎನ್ನುತ್ತೇವೆ, ಕೊಡಲು ಬಂದದ್ದಕ್ಕೆ ‘ಒಲ್ಲೆ’ ಎನ್ನುತ್ತೇವೆ, ನಮ್ಮದಾಗಿದ್ದನ್ನು ‘ಬಿಟ್ಟೆ’ ಎನ್ನುತ್ತೇವೆ.

‘ಅಲ್ಲ’ಕ್ಕೆ ಡಿನೈ. ‘ಹಿ ಡಿನೈಡ್ ಟು ಕಮ್’ ಎಂಬುದು ನಮ್ಮ ತರಗತಿಗಳಲ್ಲಿ ಪದೇ ಪದೇ ಕೇಳಿಬರುವ ವಾಕ್ಯ. ಬರಲು ಒಪ್ಪದವನು ಯಾವ ಮಾತನ್ನೂ ಸುಳ್ಳೆನ್ನುತ್ತಿಲ್ಲ, ಬರಲೊಲ್ಲೆ ಎನ್ನುತ್ತಿದ್ದಾನೆ. ಹಾಗಾಗಿ ‘ಹಿ ರಿಫ್ಯೂಸ್ಡ್ ಟು ಕಮ್’ ಎನ್ನಬೇಕು. ಡಿನೈ ಮುಂದೆ ಕ್ರಿಯಾಪದ ಬಂದರೆ ಅದಕ್ಕೆ ಐಎನ್‌ಜಿ ಸೇರುತ್ತದೆ: ‘ಹಿ ಡಿನೈಡ್ ಟೇಕಿಂಗ್ ದ ಮನಿ’, ಅಂದರೆ ತಾನು ಹಣ ತೆಗೆದುಕೊಂಡಿಲ್ಲ ಎಂದ. ಇದೊಂದನ್ನು ರೂಢಿ ಮಾಡಿಕೊಂಡರೆ ಅರ್ಧ ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ. ಡಿನೈಗೆ ಇನ್ನೊಂದು ಬಳಕೆಯೂ ಇದೆ: ಸಲ್ಲಬೇಕಾದ್ದನ್ನು ಕೊಡದಿರುವುದು. ಶಿಕ್ಷಣದಿಂದ ವಂಚಿತಳಾದ ಹುಡುಗಿಗೆ ‘ಷಿ ವಾಸ್ ಡಿನೈಡ್ ಎಜುಕೇಷನ್’ ಎನ್ನುತ್ತಾರೆ.

ಡಿನೈ ಇರಬೇಕಾದ ಕಡೆ ರಿಫ್ಯೂಟ್ ಬರೆಯುವವರಿದ್ದಾರೆ. ದಯವಿಟ್ಟು ಬೇಡ. ರಿಫ್ಯೂಟ್ ಮಾಡುವುದೆಂದರೆ ಸಾಕ್ಷ್ಯ ಕೊಟ್ಟು ಎದುರಾಳಿಯ ಮಾತು ಸುಳ್ಳೆಂದು ತೋರಿಸುವುದು. ಬರೀ ‘ಸುಳ್ಳು’ ಎಂದವರು ಡಿನೈ ಮಾಡಿದ್ದಾರೆ, ಅಷ್ಟೇ.

‘ಒಲ್ಲೆ’ಯಲ್ಲಿ ಮೂರು ಪದಗಳು ಹತ್ತಿರ ಹತ್ತಿರ ಕುಳಿತಿವೆ. ರಿಫ್ಯೂಸ್ ಖಡಾಖಂಡಿತ. ಡಿಕ್ಲೈನ್‌ನಲ್ಲಿ ಮರ್ಯಾದೆಯಿದೆ, ಮದುವೆಯ ಕರೆಗೆ ಬರಲಾಗದು ಎನ್ನಲು ಅದೇ ಸರಿ. ರಿಜೆಕ್ಟ್ ಸಾಮಾನ್ಯವಾಗಿ ನೋಡಿ, ತೂಗಿ ಬೇಡವೆನ್ನುವುದು. ಚುನಾವಣಾಧಿಕಾರಿ ನಾಮಪತ್ರಗಳನ್ನು ಪರಿಶೀಲಿಸಿ ದೋಷವಿದ್ದದ್ದನ್ನು ರಿಜೆಕ್ಟ್ ಮಾಡುತ್ತಾರೆ.

ನನಗೆ ಅತ್ಯಂತ ಪ್ರಿಯವಾದದ್ದು ಮೂರನೆಯ ಬಗೆ. ರಿನೌನ್ಸ್ ಮಾಡಬೇಕಾದರೆ ಆ ವಸ್ತು ಮೊದಲು ನಮ್ಮದಾಗಿರಬೇಕು. ಬಾಹುಬಲಿಯನ್ನೇ ನೆನೆಯಿರಿ. ದೃಷ್ಟಿಯುದ್ಧ, ಜಲಯುದ್ಧ ಗೆದ್ದು, ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಮೇಲಕ್ಕೆತ್ತಿ ಹಿಡಿದ. ರಾಜ್ಯ ಅವನದೇ ಆಗಿತ್ತು. ಆ ಗಳಿಗೆಯಲ್ಲೇ ಅದು ಬೇಡವೆನಿಸಿ ತಪಸ್ಸಿಗೆ ಹೊರಟ. ಸೋತು ಹೊರಟಿದ್ದರೆ ರಿನೌನ್ಸ್ ಎಂಬ ಪದ ಅಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಇಬ್ಬರು ಲೇಖಕರನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. 1964ರಲ್ಲಿ ನೊಬೆಲ್ ಘೋಷಣೆಯಾದಾಗ ಫ್ರಾನ್ಸಿನ ಸಾರ್ತ್ರ ಅದನ್ನು ಡಿಕ್ಲೈನ್ ಮಾಡಿದರು, ಕೊಡಲು ಬಂದದ್ದನ್ನು ಮುಟ್ಟಲಿಲ್ಲ. ರವೀಂದ್ರನಾಥ ಟಾಗೋರರಿಗೆ 1915ರಲ್ಲೇ ಸರ್ ಪದವಿ ಬಂದಿತ್ತು. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ, 1919ರ ಮೇ ಕೊನೆಯಲ್ಲಿ, ವೈಸ್‌ರಾಯ್ ಚೆಮ್ಸ್‌ಫರ್ಡ್‌ಗೆ ಪತ್ರ ಬರೆದು ಆ ಪದವಿಯಿಂದ ತಮ್ಮನ್ನು ಬಿಡುಗಡೆ ಮಾಡಿ ಎಂದರು. ಇತಿಹಾಸದ ಪುಸ್ತಕಗಳು ಅದನ್ನು ರಿನೌನ್ಸ್ ಎಂದೇ ಬರೆಯುತ್ತವೆ. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದ್ದಕ್ಕೆ ‘ರಿಟರ್ನ್ಡ್’ ಎಂಬ ಸಾದಾ ಪದವೇ ಸಾಕು, ಅದರ ತೂಕವೇನೂ ಕಡಿಮೆಯಲ್ಲ. ಬಿಡುವುದು ಸಿಂಹಾಸನವಾದರೆ ಅದಕ್ಕೇ ಮೀಸಲಾದ ಪದ ಅಬ್ಡಿಕೇಟ್. 1936ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಎಂಟನೇ ಎಡ್ವರ್ಡ್ ಮಾಡಿದ್ದು ಅದನ್ನೇ.

ಅಬ್ಜೂರ್‌ನಲ್ಲಿ ಆಣೆಯಿದೆ. ಪ್ರಮಾಣ ಮಾಡಿ ಬಿಡುವುದು ಎಂದು ಅರ್ಥ. 1633ರ ಜೂನ್ 22ರಂದು ರೋಮಿನಲ್ಲಿ ಗೆಲಿಲಿಯೋ ಮಂಡಿಯೂರಿ, ಭೂಮಿ ಸೂರ್ಯನನ್ನು ಸುತ್ತುತ್ತದೆಂಬ ನಿಲುವನ್ನು ಹೀಗೆ ಅಬ್ಜೂರ್ ಮಾಡಬೇಕಾಯಿತು. ಈ ಹಳೆಯ ಪದ ಇಂದಿಗೂ ಜೀವಂತ: ಅಮೆರಿಕದ ಪೌರತ್ವ ಪಡೆಯುವವರು ಪರದೇಶದ ನಿಷ್ಠೆಯನ್ನು ‘ರಿನೌನ್ಸ್ ಅಂಡ್ ಅಬ್ಜೂರ್’ ಮಾಡುತ್ತೇವೆಂದು ಬಲಗೈ ಎತ್ತಿ ಹೇಳಬೇಕು. ಅಲ್ಲಿ ನೆಲೆಸಿದ ಎಷ್ಟೋ ಕನ್ನಡಿಗರು ಹೇಳಿದ್ದಾರೆ.

ಅಂಥವರು ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ನಮ್ಮ 1955ರ ಪೌರತ್ವ ಕಾಯ್ದೆಯ 8ನೇ ಸೆಕ್ಷನ್‌ನ ಶೀರ್ಷಿಕೆಯಲ್ಲಿ ರಿನನ್ಸಿಯೇಷನ್ ಇದೆ, 9ನೆಯದರಲ್ಲಿ ಟರ್ಮಿನೇಷನ್. ಘೋಷಣೆ ಸಲ್ಲಿಸಿ ತಾವಾಗಿ ಪೌರತ್ವ ಬಿಡುವುದು ಮೊದಲನೆಯದು. ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರರಾದಾಗ ಭಾರತದ ಪೌರತ್ವ ಕಾನೂನಿನ ಬಲದಿಂದಲೇ ಮುಗಿಯುವುದು ಎರಡನೆಯದು. ಅಲ್ಲಿ ‘ಬಿಟ್ಟೆ’ ಎಂದು ನಾವು ಭಾರತಕ್ಕೆ ಹೇಳುವ ಮೊದಲೇ ಅದು ಹೋಗಿರುತ್ತದೆ.