ಹೆಸರು ನೋಡಿ ನಂಬಬೇಡಿ, ವಿಳಾಸ ನೋಡಿ

ಬ್ರೌಸರ್ ತೆರೆದೇ ಇಲ್ಲ, ಆದರೂ ಡೇಟಾ ಖಾಲಿಯಾಗುತ್ತಿದೆಯೇ? ವಿಂಡೋಸ್‌ನಲ್ಲಿ ರಿಸೋರ್ಸ್ ಮಾನಿಟರ್ ಹುಡುಕಿ, ನೆಟ್‌ವರ್ಕ್ ಟ್ಯಾಬ್ ಒತ್ತಿ. ಯಾವ ಪ್ರೋಗ್ರಾಂ ಯಾವ ವಿಳಾಸದ ಜೊತೆ ಮಾತಾಡುತ್ತಿದೆ ಎಂಬುದು ಅಲ್ಲೇ ಕಾಣುತ್ತದೆ. ವಿಂಡೋಸ್‌ನದೇ ಪ್ರೋಗ್ರಾಂ ಆದ ‘ಎಸ್‌ವಿಸಿಹೋಸ್ಟ್’ (svchost.exe) ಹತ್ತಾರು ಸಲ ಕಂಡರೆ ಗಾಬರಿ ಬೇಡ. ಅಪ್‌ಡೇಟ್ ತರುವುದೂ ಅದೇ. ಆದರೆ ವೈರಸ್ ಬರೆಯುವವರಿಗೂ ಈ ಹೆಸರೇ ಅಚ್ಚುಮೆಚ್ಚು. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ಗೆ ಹೋಗಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಕೊಡಿ. ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್32 ತೆರೆದರೆ ಬಹುಮಟ್ಟಿಗೆ ನಿಶ್ಚಿಂತೆ. ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ, ಇಲ್ಲವೇ ಹೆಸರಿನ ‘ವಿ’, ‘ಸಿ’ ಅದಲುಬದಲಾಗಿದ್ದರೆ, ಕಳ್ಳ ಒಳಗೆ ಬಂದಿದ್ದಾನೆಂದೇ ತಿಳಿಯಿರಿ. ಮೊದಲು ವೈಫೈ ಆಫ್ ಮಾಡಿ. ಆಮೇಲೆ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ನಡೆಸಿ. ಬ್ಯಾಂಕಿನ ಪಾಸ್‌ವರ್ಡ್ ಬದಲಿಸುವುದಿದ್ದರೆ ಬೇರೆ ಸಾಧನದಿಂದ ಬದಲಿಸಿ.